ಎಡ ಚಕ್ರದ ಗೂಡು

ಮೂರನೆಯ ಸಲವೂ ಒರೆಸಿದ ಮೇಲೆ ಸಿದ್ದಲಿಂಗೇಶನಿಗೆ ತನ್ನ ಬೆರಳುಗಳ ಮೇಲೆಯೇ ಹೇಸಿಗೆ ಹುಟ್ಟಿತು. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯ ಪಕ್ಕ ಅವನ ಪೇಂಟಿಂಗ್ ಶೆಡ್ಡು. ಶೆಡ್ಡಿನ ಹಿಂಭಾಗದ ಮೇಜಿನ ಮೇಲೆ ಮೊಳಕ್ಕೆ ನಾಲ್ಕು ಬೆರಳು ಕಡಿಮೆಯಿದ್ದ ಪ್ಲಾಸ್ಟಿಕ್ ವಿಮಾನವೊಂದು ಅಂಗಾತ ಬಿದ್ದಿತ್ತು. ತುಂಡುಗಳನ್ನು ಅಂಟಿಸಿ, ಉಜ್ಜಿ, ಅಡಿಬಣ್ಣದ ಅಸ್ತರಿ ಹೊಡೆದು, ಅದರ ಮೇಲೆ ಬಿಳಿ, ಬಿಳಿಯ ಮೇಲೆ ಮೂಗಿನಿಂದ ಬಾಲದ ತನಕ ನೀಲಿ ಪಟ್ಟಿ, ಇಷ್ಟೆಲ್ಲ ಮುಗಿದು ಎರಡು ತಿಂಗಳಾಗಿತ್ತು. ಆಮೇಲಿನ ಎರಡು ತಿಂಗಳು ಆ ಹೊಸತನ್ನು ಹಳತು ಮಾಡುವುದರಲ್ಲಿ ಕಳೆದಿತ್ತು. ತಗಡು ಕೂಡಿದಂತೆ ಕೊರೆದಿದ್ದ ಸಂದುಗೆರೆಗಳಲ್ಲಿ ನೀರಾಗಿಸಿದ ಕಪ್ಪು ಹರಿಸಿದ್ದ. ಬಣ್ಣದ ಕಡ್ಡಿ ಕೆರೆದು, ಆ ಪುಡಿಯಿಂದ ಇಂಜಿನ್ನುಗಳ ಹಿಂದೆ ಹೊಗೆ ಹಿಡಿಸಿದ್ದ. ಸರಕು ಹತ್ತಿಸುವ ಬಾಗಿಲಿನ ಹೊಸ್ತಿಲ ಬಳಿ ಸ್ಪಂಜಿನ ಚೂರು ಮುಟ್ಟಿಸಿ ಮುಟ್ಟಿಸಿ ಬಣ್ಣ ಎದ್ದುಹೋದಂತೆ ಮಾಡಿದ್ದ. ಉಳಿದದ್ದು ಒಂದೇ ಗೆರೆ. ಹೊಟ್ಟೆಯ ಮೇಲೆ, ಎಡ ಚಕ್ರ ಮಡಚಿಕೊಂಡು ಒಳಸೇರುವ ಗೂಡಿನ ಅಂಚಿನಿಂದ ಬಾಲದ ಕಡೆಗೆ, ಸೋರಿದ ಎಣ್ಣೆಯನ್ನು ಗಾಳಿ ಹಿಂದಕ್ಕೆ ಎಳೆದುಕೊಂಡು ಹೋದ ಕಡುಗೆಂಪು ಗುರುತು. ಎಳೆಯುವುದಕ್ಕೆ ಅರ್ಧ ನಿಮಿಷ ಸಾಕು. ಮೂರು ಸಲ ಎಳೆದಿದ್ದ, ಮೂರು ಸಲವೂ ಟರ್ಪೆಂಟೈನಿನ ಬಟ್ಟೆ ತಾನಾಗಿ ಕೈಗೆ ಬಂದಿತ್ತು. ವಾರ್ನಿಷ್ ಹೊಡೆಯುವ ತನಕ ಎಣ್ಣೆಬಣ್ಣಕ್ಕೆ ಏನೂ ಭರವಸೆಯಿಲ್ಲ. ಒಂದು ಸಲ ಬಟ್ಟೆ ಆಡಿಸಿದರೆ ಇತ್ತೋ ಇಲ್ಲವೋ ಅನ್ನುವ ಹಾಗೆ ಹೋಗಿಬಿಡುತ್ತದೆ. ಹೋಗಿಬಿಡುತ್ತದೆ ಎನ್ನುವುದು ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಸಿದ್ದಣ್ಣಾ, ನಮ್ ಬಾನೆಟ್ ಏನಾತು?" ಎನ್ನುತ್ತ ಗೋವಿನಕೋವಿಯ ನಾಗೇಂದ್ರಪ್ಪ ಒಳಗೇ ಬಂದುಬಿಟ್ಟ. ಅವನ ಟ್ರ್ಯಾಕ್ಟರಿನ ಬಾನೆಟ್ಟು ಐದು ದಿನದಿಂದ ಪುಟ್ಟಿ ಮೆತ್ತಿಸಿಕೊಂಡು ಗೋಡೆಗೆ ಒರಗಿ ನಿಂತಿತ್ತು. ನಾಳೆ, ನಾಳೆ ಖಂಡಿತ, ಎಂದ ಸಿದ್ದಲಿಂಗೇಶ. ನಾಗೇಂದ್ರಪ್ಪನ ಕಣ್ಣು ಆಗಲೇ ಮೇಜಿನ ಮೇಲೆ ಹೋಗಿತ್ತು. "ಏನಪ್ಪಾ ಇದು! ಬಾನೆಟ್ ಬಿಟ್ಟು ಆಟದ ಸಾಮಾನು ಮಾಡ್ಕಂತ ಕುಂತೀಯ? ಅಲ್ಲ, ಹೊಸಾ ಬಿಳೀ ಬಣ್ಣದ ಮ್ಯಾಲೆ ಯಾಕ್ ಹಿಂಗೆ ಕೊಳೆ ಬಳದೀಯ? ನಮ್ದಕ್ಕೂ ಹಿಂಗೇ ಬಳದುಬಿಟ್ಟೀಯ ಮತ್ತೆ!" ಎಂದು ತನ್ನ ಮಾತಿಗೆ ತಾನೇ ನಕ್ಕ. ಸಿದ್ದಲಿಂಗೇಶನೂ ನಕ್ಕ. ನಗುವಾಗ ಅವನ ಅಂಗೈ ತಾನಾಗಿ ಹೋಗಿ ವಿಮಾನದ ಹೊಟ್ಟೆಯನ್ನು ಮುಚ್ಚಿಕೊಂಡಿತು. ಅಲ್ಲಿ ಈಗ ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಮುಚ್ಚಿಕೊಳ್ಳುವ ಈ ಕೈಗೆ ಏನು ಮಾಡುವುದು? ಗುದ್ದು ಬಿದ್ದ ಬಾಗಿಲು, ಗೀಚಿದ ಟ್ಯಾಂಕು, ತುಕ್ಕು ಹಿಡಿದ ಮಡ್‌ಗಾರ್ಡು, ಎಲ್ಲವನ್ನೂ ಏನೂ ಆಗಿಲ್ಲ ಎನ್ನುವಂತೆ ಮಾಡಿಕೊಡುವುದಕ್ಕೇ ಊರಿನವರು ಅವನ ಹತ್ತಿರ ಬರುತ್ತಾರೆ. ಸಿದ್ದಲಿಂಗೇಶನ ಕೈ ಬಿದ್ದರೆ ಗುದ್ದು ಎಲ್ಲಿತ್ತೆಂದು ಗಾಡಿಯ ಯಜಮಾನನಿಗೂ ಗೊತ್ತಾಗುವುದಿಲ್ಲ ಎಂಬ ಹೆಸರಿದೆ. ಒಳ್ಳೆಯ ಹೆಸರೇ. ಯಾರಾದರೂ ಹಾಗೆ ಹೊಗಳಿದ ದಿನ ಅವನಿಗೆ ಊಟ ಸೇರುವುದಿಲ್ಲ ಎನ್ನುವುದು ಬೇರೆ ಮಾತು.

ನಾಲ್ಕು ತಿಂಗಳ ಹಿಂದೆ ಹಿಂದೆ ಜೊತೆಗೆ ಕೆಲಸ ಮಾಡಿದ್ದ ಕಲ್ಲೇಶಪ್ಪನ ಮಗಳು ಚೈತ್ರಾ ಈ ವಿಮಾನದ ತುಂಡುಗಳಿದ್ದ ಡಬ್ಬ ಹಿಡಿದುಕೊಂಡು ಶೆಡ್ಡಿನ ಮುಂದೆ ನಿಂತಾಗ ಅವನಿಗೆ ಗುರುತೇ ಸಿಕ್ಕಿರಲಿಲ್ಲ. ಚನ್ನಗಿರಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಡಂ ಅಂತೆ. ಅವನು ಕೊನೆಯ ಸಲ ಕಂಡಾಗ ಐದು ವರ್ಷದ ಮಗು, ಅಪ್ಪನ ಟೂಲ್‌ಬಾಕ್ಸಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. "ಅಂಕಲ್, ಅಪ್ಪ ಕೆಲಸ ಮಾಡಿದ್ರಲ್ಲ ಅದೇ ವಿಮಾನ ಇದು, ಹುಡುಕಿ ಹುಡುಕಿ ತರಿಸೀನಿ. ನೀವೇ ಮಾಡಿಕೊಡಬೇಕು. ಶೋಕೇಸಿನ ಥರ ಮಿಣಮಿಣ ಬ್ಯಾಡ. ಆವಾಗ ಹೆಂಗಿತ್ತೋ ಹಂಗೇ ಇರಬೇಕು, ಕೊಳೆ ಸಮೇತ. ಅಪ್ಪ ಅಂತಾರೆ, ಆ ವಿಮಾನದ ಒಂದೊಂದು ಕಲೇನೂ ಇಬ್ಬರಿಗೇ ಗೊತ್ತಿರೋದು, ನನಗೆ ಮತ್ತೆ ಸಿದ್ದನಿಗೆ ಅಂತ." ಆಗಲ್ಲಮ್ಮ, ಕಣ್ಣು ಸೂಕ್ಷ್ಮ ಕೆಲಸಕ್ಕೆ ಬರಲ್ಲ, ಎಂದು ಹೇಳಬಹುದಿತ್ತು. ಹೇಳಲು ಬಾಯಿ ತೆರೆದವನು "ಆಗ್ಲಿ ಬಿಡವ್ವ" ಎಂದುಬಿಟ್ಟ. ಆಮೇಲೆ ವಾರಕ್ಕೊಮ್ಮೆ ಫೋನು, ಮುಗೀತಾ ಅಂಕಲ್, ಸ್ವಲ್ಪ ಬೇಗ ಆಗಲ್ವಾ ಅಂಕಲ್, ಎಂದು. ಮೊದಲ ಎರಡು ತಿಂಗಳು ಅವಳ ದನಿಯಲ್ಲಿ ಏನೋ ಅವಸರವಿತ್ತು. ಕಲ್ಲೇಶಪ್ಪ ಒಂದೇ ಒಂದು ಸಲವೂ ಫೋನು ಮಾಡಿರಲಿಲ್ಲ. ಆದರೆ ಪ್ರತಿ ವರ್ಷ ಜಗಳೂರಿನಿಂದ ಬಸ್ಸಿನ ಮೇಲೆ ಒಂದು ಚೀಲ ಶೇಂಗಾ ತಪ್ಪದೆ ಬರುತ್ತಿತ್ತು. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಸಿದ್ದನಿಗೆ ಎಂದು ಬರೆದಿರುತ್ತಿತ್ತು. ಹೆಂಡತಿ ಮಾಲಾ ಹುರಿದು ಚಟ್ನಿಪುಡಿ ಮಾಡಿದರೆ ಅವನು ಮುಟ್ಟುತ್ತಿರಲಿಲ್ಲ. ಪಿತ್ತ ಆಗುತ್ತದೆ ಎನ್ನುತ್ತಿದ್ದ. ಹತ್ತೊಂಬತ್ತು ವರ್ಷದ ಪಿತ್ತ.

ಹೈದರಾಬಾದಿನಲ್ಲಿ, ಈಗ ಹೆಸರೂ ಅಳಿಸಿಹೋಗಿರುವ ಒಂದು ಸರಕು ವಿಮಾನದ ಕಂಪನಿ. ಐಟಿಐ ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದವನು ಐದು ವರ್ಷ ದೊಡ್ಡವನಾದ ಕಲ್ಲೇಶಪ್ಪ. ಹಾರುವ ಮುಂಚೆ ವಿಮಾನದ ಸುತ್ತ ನಡೆದು ನೋಡಿ, ಸರಿಯಿದೆ ಎಂದು ಸಹಿ ಹಾಕುವ ಅಧಿಕಾರ ಕಲ್ಲೇಶಪ್ಪನದು. ಏಣಿ ಹಿಡಿಯುವುದು, ತೊಳೆಯುವುದು, ಒರೆಸುವುದು ಸಿದ್ದಲಿಂಗೇಶನದು. ಕಲ್ಲೇಶಪ್ಪ ದಿನವೂ ಹೇಳುತ್ತಿದ್ದ: "ಕೊಳೆ ಅಂದ್ರೆ ಕೊಳೆ ಅಲ್ಲ ಕಣೋ, ಕಾಗದ. ವಿಮಾನ ನಮಗೆ ಬರೆದ ಕಾಗದ. ಓದದೇ ಒರೆಸಬ್ಯಾಡ." ಆಯುಧಪೂಜೆಯ ಹಿಂದಿನ ಸಾಯಂಕಾಲ ಕಲ್ಲೇಶಪ್ಪ ಬೂದುಗುಂಬಳ, ಹೂವು, ನಿಂಬೆಹಣ್ಣು ತರಲು ಪೇಟೆಗೆ ಹೋಗಿದ್ದ. ಹ್ಯಾಂಗರಿನಲ್ಲಿ ಸಿದ್ದಲಿಂಗೇಶನೊಬ್ಬನೇ ಸೋಪಿನ ನೀರು, ಸೀಮೆಎಣ್ಣೆ, ಬಟ್ಟೆಯ ರಾಶಿ ಇಟ್ಟುಕೊಂಡು ವಿಮಾನದ ಅಡಿಯಲ್ಲಿ ಮಲಗಿದ್ದ. ಹಬ್ಬವೆಂದರೆ ನೇಗಿಲು ಕುಡುಗೋಲಿನಿಂದ ಹಿಡಿದು ಸೈಕಲ್ಲಿನ ತನಕ ತೊಳೆದು, ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟೇ ಕೈ ಮುಗಿಯಬೇಕು. ಕೊಳೆಯಿದ್ದ ವಸ್ತುವನ್ನು ಪೂಜೆಗಿಟ್ಟರೆ ಅವ್ವ ಭೀಮಕ್ಕ ಆಚೆ ಎಸೆಯುತ್ತಿದ್ದಳು. ಆಗ ಆ ಗೆರೆ ಕಂಡಿತ್ತು. ಎಡ ಚಕ್ರದ ಗೂಡಿನಿಂದ ಹಿಂದಕ್ಕೆ, ಸುಮಾರು ಒಂದು ಮಾರು, ಹಸಿ ಕೆಂಪು. ಹಿಂದಿನ ದಿನ ಇರಲಿಲ್ಲ. ಕಲ್ಲೇಶಣ್ಣ ಬಂದ ಮೇಲೆ ತೋರಿಸಬೇಕು ಎಂದುಕೊಂಡ. ಖಂಡಿತ ಎಂದುಕೊಂಡ, ಅದರಲ್ಲಿ ಸುಳ್ಳಿಲ್ಲ. ಆದರೆ ಎಲ್ಲವನ್ನೂ ಒರೆಸಿ ಅದೊಂದನ್ನು ಬಿಟ್ಟರೆ ಎಷ್ಟು ಹೊಲಸಾಗಿ ಕಾಣುತ್ತದೆ, ವಿಭೂತಿ ಎಳೆಯಬೇಕಾದ ಜಾಗದ ಪಕ್ಕದಲ್ಲೇ. ಬಾಯಲ್ಲಿ ಹೇಳಿದರಾಯಿತು ಎಂದು ಬಟ್ಟೆ ಆಡಿಸಿದ. ಕಲ್ಲೇಶಪ್ಪ ಬಂದಾಗ ಬೂದುಗುಂಬಳವನ್ನು ಆಟೋದವನು ಬೀಳಿಸಿ ಒಡೆದಿದ್ದ. ಆ ಗಲಾಟೆ, ಆ ನಗು, ಇನ್ನೊಂದು ತರಲು ಓಡಿದ್ದು, ಬೆಳಿಗ್ಗೆ ಪೂಜೆ, ಮಂಗಳಾರತಿ, ಮಂಡಕ್ಕಿ, ಎಲ್ಲರ ಹಣೆಯ ಮೇಲೂ ಕುಂಕುಮ. ಹೇಳುವುದು ಮರೆತೇಹೋಯಿತು. ಮರೆತೇಹೋಯಿತು ಎಂದರೆ ಇಂದು ಯಾರು ನಂಬುತ್ತಾರೆ? ಅವನೇ ನಂಬುವುದಿಲ್ಲ.

ಚಕ್ರ ಇಳಿಸಿ ಗಟ್ಟಿಯಾಗಿ ನಿಲ್ಲಿಸುವ ಎಣ್ಣೆಯ ಕೊಳವೆಗಳಲ್ಲಿ ಇಂಜಿನ್ ನಿಂತಿರುವಾಗ ಒತ್ತಡವಿರುವುದಿಲ್ಲ, ಸೋರುವುದೂ ಇಲ್ಲ. ಗುರುತೊಂದೇ ಸಾಕ್ಷಿ. ಹಬ್ಬದ ದಿನ ಪೂಜೆಯಾದ ಮೇಲೆ ಕಲ್ಲೇಶಪ್ಪ ಟಾರ್ಚು ಹಿಡಿದು ಸುತ್ತು ಹಾಕಿ, ಎಡ ಗೂಡಿನೊಳಗೆ ತಲೆ ಹಾಕಿ ನೋಡಿ, ಸೋರಿಕೆ ಇಲ್ಲ ಎಂದು ಬರೆದು ಸಹಿ ಹಾಕಿದ. ಮಧ್ಯಾಹ್ನ ವಿಮಾನ ಇಳಿಯುವಾಗ ಎಡಗಾಲು ಇಳಿಯಿತಾದರೂ ಗಟ್ಟಿಯಾಗಿ ನಿಲ್ಲದೆ, ನೆಲ ಮುಟ್ಟಿದ ಕೂಡಲೇ ಮಡಚಿಕೊಂಡಿತು. ಯಾರೂ ಸಾಯಲಿಲ್ಲ. ಒಬ್ಬ ಪೈಲಟ್ಟಿನ ಕೈ ಮುರಿಯಿತು, ರೆಕ್ಕೆ ಹೋಯಿತು, ಕಲ್ಲೇಶಪ್ಪನ ಕೆಲಸ ಹೋಯಿತು. ಯಾರೂ ಸಾಯಲಿಲ್ಲವಲ್ಲ ಎಂದು ಸಿದ್ದಲಿಂಗೇಶ ಸಾವಿರ ಸಲ ಹೇಳಿಕೊಂಡಿದ್ದಾನೆ. ವಿಚಾರಣೆ ಎರಡು ದಿನ ನಡೆಯಿತು. ಇಷ್ಟು ಎಣ್ಣೆ ಹೋಗಬೇಕಾದರೆ ಹಿಂದಿನ ದಿನವೇ ಗುರುತು ಬಿದ್ದಿರಲೇಬೇಕು, ನೀನು ನೋಡಲಿಲ್ಲ, ಎಂದರು ಸಾಹೇಬರು. ನೋಡಿದೆ ಸಾರ್, ಇರಲಿಲ್ಲ ಸಾರ್, ಎಂದ ಕಲ್ಲೇಶಪ್ಪ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಎಂಬಂತಾಯಿತು ಅವನ ಪಾಡು. ಎರಡನೆಯ ದಿನ ಸಿದ್ದಲಿಂಗೇಶನನ್ನು ಕರೆದರು. ಕಲ್ಲೇಶಪ್ಪ ಎದ್ದು ನಿಂತು, "ಅವನು ಸಣ್ಣವನು ಸಾರ್, ಅವನನ್ನ ಎಳೀಬೇಡಿ, ಸಹಿ ನಂದು" ಎಂದ. ಹಿಂದಿನ ಸಂಜೆ ಏನೇನು ತೊಳೆದೆ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ತಾನಲ್ಲ ಎಂದು ತೋರಿಸಲೋ ಎಂಬಂತೆ ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದ. "ಮೇಲ್ಭಾಗ ಮಾತ್ರ ಸಾರ್. ಹೊಟ್ಟೆ ಮುಟ್ಟಿಲ್ಲ." ಕಲ್ಲೇಶಪ್ಪ ತಿರುಗಿ ಅವನನ್ನು ನೋಡಿದ. ಸಿಟ್ಟಿನಿಂದಲ್ಲ. ಹಾಗಾದರೆ ನನ್ನ ಕಣ್ಣಿಗೆ ಏನಾಗಿತ್ತು ಎಂದು ಕೇಳುವವನಂತೆ ನೋಡಿದ. ಕೊನೆಗೆ, "ಇದ್ದಿರಬಹುದು ಸಾರ್. ನನಗೆ ಕಾಣಲಿಲ್ಲ" ಎಂದು ಬರೆದುಕೊಟ್ಟ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆಮೇಲೆ ಅವನನ್ನು ಯಾವ ವಿಮಾನದ ಹತ್ತಿರವೂ ಯಾರೂ ಸೇರಿಸಲಿಲ್ಲ. ಜಗಳೂರಿಗೆ ಹೋಗಿ ಕೊಳವೆಬಾವಿಯ ಮೋಟರುಗಳಿಗೆ ತಂತಿ ಸುತ್ತುತ್ತ ಕೂತ.

"ಊಟಕ್ಕೆ ಬರ್ತೀರೋ, ಅದರ ಜೊತೀಗೇ ಮಲಗ್ತೀರೋ?" ಎಂದು ಮಾಲಾ ಶೆಡ್ಡಿನ ಬಾಗಿಲಿಗೆ ಬಂದಾಗ ಅವನು ನಾಲ್ಕನೆಯ ಸಲ ಕುಂಚಕ್ಕೆ ಕೆಂಪು ಹತ್ತಿಸಿಕೊಂಡಿದ್ದ. ಬೇಡ ಎಂದರೂ ಹತ್ತಿರ ಬಂದು ನೋಡಿದಳು. "ಎಲ್ಲಾ ಆಗೇತಲ್ಲ, ಇನ್ನೇನು?" ಎಂದಳು. ಒಂದು ಗೆರೆ ಉಳಿದಿದೆ ಎಂದ. "ಒಂದು ಗೆರೆ ಇಲ್ಲಂದ್ರೆ ಯಾರಿಗೆ ಗೊತ್ತಾಗ್ತೈತಿ ಬಿಡ್ರಿ." ಅದೇ. ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಭೂಮಿಯ ಮೇಲೆ ಒಬ್ಬನಿಗೆ. ಕಲ್ಲೇಶಪ್ಪ ಈ ವಿಮಾನವನ್ನು ಕೈಗೆ ತೆಗೆದುಕೊಂಡವನೇ ಮೊದಲು ಮಗುಚುತ್ತಾನೆ. ಹೊಟ್ಟೆ ನೋಡದೆ ಅವನು ಯಾವ ವಿಮಾನವನ್ನೂ ನೋಡಿದವನಲ್ಲ. ಗೆರೆ ಇಲ್ಲದಿದ್ದರೆ ಸಿದ್ದ ಚೆನ್ನಾಗಿ ಮಾಡಿದ್ದಾನೆ ಎಂದು ಬೆನ್ನು ತಟ್ಟುತ್ತಾನೆ, ಶೇಂಗಾ ಚೀಲ ಇನ್ನೂ ಇಪ್ಪತ್ತು ವರ್ಷ ಬರುತ್ತದೆ. ಇದ್ದರೆ ನೋಡುತ್ತಾನೆ, ನೋಡಿ ತಲೆ ಎತ್ತುತ್ತಾನೆ, ಅಷ್ಟೇ. ಒಂದು ಮಾತೂ ಆಡಬೇಕಾಗಿಲ್ಲ. ಬಾಯಿಂದ ಹೇಳಬೇಕಾದ್ದಿಲ್ಲ ಎನ್ನುವುದೇ ಈ ಕೆಲಸ ಒಪ್ಪಿಕೊಂಡದ್ದಕ್ಕೆ ಕಾರಣವಾಗಿತ್ತೇನೋ. ಹೇಡಿಗೂ ಒಂದು ದಾರಿ ಬೇಕಲ್ಲ. ಅವನು ಉಸಿರು ಹಿಡಿದು ಗೂಡಿನ ಅಂಚಿಗೆ ಕೆಂಪು ಚುಕ್ಕೆ ಇಟ್ಟ, ಒಣ ಚಪ್ಪಟೆ ಕುಂಚದಿಂದ ಹಿಂದಕ್ಕೆ ಎಳೆದ, ಇನ್ನೊಮ್ಮೆ ಎಳೆದ. ಹೌದು, ಅದೇ. ಎಷ್ಟು ಅದೇ ಎಂದರೆ ಸೀಮೆಎಣ್ಣೆಯ ವಾಸನೆ ಬಂದಂತಾಯಿತು. "ಆ ಬಟ್ಟೆ ತಗಂಡು ಹೋಗು," ಎಂದ ಮಾಲಾಗೆ. "ಯಾವ ಬಟ್ಟೆ?" "ಇಲ್ಲಿರೋವೆಲ್ಲಾ." ಅವಳು ಇವನ ಮುಖ ನೋಡಿ ಟರ್ಪೆಂಟೈನಿನ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಹೋದಳು. ಗೆರೆ ಒಣಗಲು ಎರಡು ದಿನ ಬಿಟ್ಟ. ಆ ಎರಡು ದಿನ ನಾಗೇಂದ್ರಪ್ಪನ ಬಾನೆಟ್ಟಿಗೆ ಕೆಂಪು ಹೊಡೆದು ಮುಗಿಸಿದ, ಹಿಂಭಾಗದ ಕಡೆಗೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮೇಲೆ ಮಂಕು ವಾರ್ನಿಷ್ ಹೊಡೆದ. ಇನ್ನು ಯಾವ ಬಟ್ಟೆಗೂ ಅದು ಬಗ್ಗುವುದಿಲ್ಲ.

ಭಾನುವಾರ ಹೊನ್ನಾಳಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ಜಗಳೂರಿನ ಬಸ್ಸಿಗೆ. ಮಿಕ್ಸಿಯ ಡಬ್ಬದೊಳಗೆ ಹತ್ತಿ ತುಂಬಿ ವಿಮಾನವನ್ನು ಕೂರಿಸಿದ್ದ. ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಕೂತವನನ್ನು ನೋಡಿ ಕಂಡಕ್ಟರ್, "ಏನ್ರೀ ಯಜಮಾನ್ರೇ ಅದು, ಕೋಳಿಗೀಳಿ ಅಲ್ಲ ತಾನೇ? ಉಸಿರಾಡಾಕೆ ತೂತಾದ್ರೂ ಮಾಡ್ರಿ" ಎಂದ, ಹಿಂದಿನ ಸೀಟಿನ ಹೆಂಗಸರು ನಕ್ಕರು. ವಿಮಾನ ಎಂದ ಇವನು, ಯಾಕೆ ಹಾಗೆಂದನೋ. "ಅಯ್ಯೋ, ವಿಮಾನ ಇಟ್ಕಂಡು ಬಸ್ಸಿಗೆ ಯಾಕ್ ಬಂದ್ರೀ?" ಮತ್ತೆ ನಗು. ಕಿವಿ ಬಿಸಿಯಾಯಿತು. ಹೊಲಗಳಲ್ಲಿ ಮೆಕ್ಕೆಜೋಳ ಕೊಯ್ದ ಕೂಳೆ ನಿಂತಿತ್ತು, ಗಾಳಿಯಂತ್ರಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ಪ್ರತಿ ಗುಂಡಿಗೂ ಡಬ್ಬದೊಳಗೆ ಏನೋ ಕಟ್ಟೆಂದಂತಾಗಿ, ಎಡಗಾಲು ಮುರಿಯಿತೇನೋ, ಮುರಿದಿದ್ದರೆ ರಿಪೇರಿ ಮಾಡಿ ತರುತ್ತೇನೆಂದು ಇಲ್ಲಿಂದಲೇ ವಾಪಸು ಹೋಗಬಹುದಲ್ಲ ಎಂಬ ಆಸೆ ಹುಟ್ಟುತ್ತಿತ್ತು. ಎರಡು ಸಲ ಮುಚ್ಚಳ ತೆರೆದು ನೋಡಿದ. ಏನೂ ಮುರಿದಿರಲಿಲ್ಲ. ತಾನು ಇಷ್ಟು ಗಟ್ಟಿಯಾಗಿ ಅಂಟಿಸಬಾರದಿತ್ತು. ಕಲ್ಲೇಶಣ್ಣ ನೋಡುತ್ತಾನೆ, ತಲೆ ಎತ್ತುತ್ತಾನೆ, ಆಮೇಲೆ? ಹೊಡೆದರೆ ಒಳ್ಳೆಯದು. ಹೊಡೆಯದಿದ್ದರೆ ಏನು ಮಾಡುವುದು ಎಂದು ಜಗಳೂರಿನ ತನಕ ಯೋಚಿಸಿದರೂ ಹೊಳೆಯಲಿಲ್ಲ.

ಬಸ್‌ಸ್ಟ್ಯಾಂಡಿಗೆ ಚೈತ್ರಾ ಸ್ಕೂಟಿ ತಂದಿದ್ದಳು. ಡಬ್ಬ ನೋಡಿ ಅವಳ ಮುಖ ಅರಳಿತು, ಅರಳಿ ಅರ್ಧಕ್ಕೆ ನಿಂತಿತು. ಗಾಡಿ ಚಾಲೂ ಮಾಡಲಿಲ್ಲ. "ಅಂಕಲ್, ಒಂದು ಮಾತು ಹೇಳಿರಲಿಲ್ಲ. ಅಪ್ಪನಿಗೆ ಈಗ ಕಣ್ಣು ಕಾಣಲ್ಲ." ಸಕ್ಕರೆ ಕಾಯಿಲೆ, ಕಣ್ಣೊಳಗೆ ರಕ್ತ. ಅವಳು ಡಬ್ಬ ಕೊಟ್ಟ ದಿನ ಭೂತಗನ್ನಡಿ ಹಿಡಿದರೆ ಕಾಣುತ್ತಿತ್ತು. ಅದಕ್ಕೇ ಬೇಗ ಬೇಗ ಎಂದದ್ದು. ಆಪರೇಷನ್ ಫಲಿಸಲಿಲ್ಲ. ಎರಡು ತಿಂಗಳಾಯಿತು, ಬಾಗಿಲಲ್ಲಿ ಬೆಳಕಿದೆಯೋ ಇಲ್ಲವೋ ಎನ್ನುವುದಷ್ಟೇ ಗೊತ್ತಾಗುತ್ತದೆ. "ಹೇಳಿದ್ರೆ ಇನ್ನ್ಯಾಕೆ ಅಂತ ನೀವು ಮಾಡೋದು ನಿಲ್ಲಿಸ್ತೀರೇನೋ ಅನ್ನಿಸ್ತು. ಬೈಬ್ಯಾಡ್ರಿ." ಅವನು ಬೈಯಲಿಲ್ಲ. ಅವನ ಮೈಯೆಲ್ಲ ಒಮ್ಮೆಲೇ ಹಗುರವಾಯಿತು. ಕಾಣುವುದಿಲ್ಲ, ಅವನಿಗೆ ಕಾಣುವುದಿಲ್ಲ! ಆ ಹಗುರ ಏನೆಂದು ಗೊತ್ತಾದ ಕೂಡಲೇ ಅವನು ಸ್ಟ್ಯಾಂಡಿನ ಕಂಬ ಹಿಡಿದುಕೊಂಡ. ನೀರು ಬೇಕಾ ಅಂಕಲ್, ಬಿಸಿಲಿಗೆ ಹಂಗಾಗ್ತದೆ, ಎಂದಳು ಚೈತ್ರಾ. ಅವನು ಬೇಡವೆಂದು ತಲೆಯಾಡಿಸಿದ.

ಕಲ್ಲೇಶಪ್ಪ ಮನೆಯ ಮುಂದಿನ ಅಂಗಡಿಯಲ್ಲಿ, ಚಾಪೆಯ ಮೇಲೆ ಮೋಟರೊಂದನ್ನು ಕಾಲುಗಳ ಮಧ್ಯೆ ಇಟ್ಟುಕೊಂಡು ತಾಮ್ರದ ತಂತಿ ಸುತ್ತುತ್ತಿದ್ದ. ಕಣ್ಣು ಹೋದರೂ ಬೆರಳು ನಿಂತಿರಲಿಲ್ಲ. "ಸಿದ್ದಾ, ಹೆಜ್ಜೆ ಯಾಕೋ ಭಾರ ಆಗ್ಯಾವೆ?" ಎಂದ. ಕೂದಲು ಬೆಳ್ಳಗಾಗಿತ್ತು, ಮುಖ ಇವನ ಕಡೆಗಲ್ಲ, ಇವನ ಪಕ್ಕದ ಗೋಡೆಯ ಕಡೆಗಿತ್ತು. ಹೆಂಡತಿ ನಾಗರತ್ನ ಒಳಗಿಂದ ಬಂದು, "ಬಂದ್ರಾ, ಅಂತೂ ದಾರಿ ಸಿಕ್ತಾ ನಮ್ಮೂರಿಗೆ" ಎಂದು ಚುಚ್ಚಿ, ಚಹಾ ಇಡಲು ಹೋದಳು. ಚೈತ್ರಾ ವಿಮಾನವನ್ನು ಹತ್ತಿಯಿಂದ ಬಿಡಿಸಿ ಅಪ್ಪನ ಕೈಗಿಟ್ಟಳು. ಅವನು ಮೊದಲು ತೂಕ ನೋಡಿದ. ಆಮೇಲೆ ಬೆರಳುಗಳು ಮೂಗು, ಕಿಟಕಿ, ರೆಕ್ಕೆಯ ಬುಡ, ಇಂಜಿನ್ನುಗಳ ಮೇಲೆ ನಡೆದವು. ಇವನು ಆ ಬೆರಳುಗಳನ್ನೇ ನೋಡುತ್ತಿದ್ದ. ಅಂದುಕೊಂಡಂತೆಯೇ ಕಲ್ಲೇಶಪ್ಪ ವಿಮಾನವನ್ನು ಮಗುಚಿದ. ಹೆಬ್ಬೆರಳು ಎಡ ಗೂಡಿನ ಅಂಚು ಮುಟ್ಟಿತು, ಅಲ್ಲಿಂದ ಹಿಂದಕ್ಕೆ ಸರಿಯಿತು, ಗೆರೆಯ ಮೇಲೆಯೇ ಸರಿಯಿತು, ಏನೂ ಸಿಕ್ಕದೆ ಮುಂದೆ ಹೋಯಿತು. ಅಷ್ಟು ನುಣುಪಾಗಿ ಎಳೆದಿದ್ದ. ಕೆಲಸ ಚೆನ್ನಾಗಿ ಬರುತ್ತದೆ ಎನ್ನುವುದೂ ಒಂದು ಶಾಪ.

"ಆಕಾರ ಸಿಕ್ತು. ಬಣ್ಣ ಬೆರಳಿಗೆ ಸಿಗಲ್ಲ ಕಣೋ," ಎಂದ ಕಲ್ಲೇಶಪ್ಪ. "ನನಗೆ ನೋಡಾಕೆ ಆಗಲ್ಲ, ನೀನೇ ತೋರ್ಸು. ಬೆಳಗಿನ ಸುತ್ತು ಹೊಡೀತಿದ್ವಲ್ಲ, ಹಂಗೆ. ಮೂಗಿನಿಂದ ಶುರು ಮಾಡಿ ಬಲಗಡೆ, ಬಾಲ, ಎಡಗಡೆ. ಎಲ್ಲೆಲ್ಲಿ ಏನೇನ್ ಕೊಳೆ ಹಾಕೀಯ, ಒಂದೂ ಬಿಡದಂಗೆ ಹೇಳು." ಸಿದ್ದಲಿಂಗೇಶ ಚಾಪೆಯ ತುದಿಗೆ ಕೂತ. ಮೂಗಿನ ಮೇಲೆ ಹುಳ ಬಡಿದ ಕಲೆ ಎಂದ. ಕಲ್ಲೇಶಪ್ಪ ನಕ್ಕ. ಬಲಗಡೆ ಇಂಜಿನ್ನಿನ ಹಿಂದೆ ಮಸಿ, ರೆಕ್ಕೆಯ ಮೇಲೆ ಅಗಲಕ್ಕೆ. "ಜಾಸ್ತಿ ಹಾಕಿಲ್ಲ ತಾನೇ? ಬಲಗಡೇದು ಕಮ್ಮಿ ಹೊಗೆ ಉಗುಳ್ತಿತ್ತು." ಕಮ್ಮಿಯೇ ಹಾಕಿದ್ದೇನೆ. ಬಲ ಚಕ್ರದ ಗೂಡಿನಲ್ಲಿ ಮಣ್ಣು, ಗ್ರೀಸು. ಬಾಲದ ಕೆಳಗೆ ಏಣಿ ತಾಗಿ ಕೆತ್ತಿದ ಗುರುತು. "ಅದು ನೀನು ಮಾಡಿದ್ದು! ಎಷ್ಟು ಬೈದಿದ್ದೆ ನಿನಗೆ." ಹೂಂ ಕಲ್ಲೇಶಣ್ಣ. ಅವನ ಮುಖದ ಮೇಲೆ ಸಂತೋಷವಿತ್ತು, ಬರೀ ಸಂತೋಷ, ಅದನ್ನು ನೋಡಲಾಗದೆ ಸಿದ್ದಲಿಂಗೇಶ ಮೋಟರಿನ ತಂತಿಯನ್ನು ನೋಡುತ್ತ ಹೇಳುತ್ತಿದ್ದ. ಅಷ್ಟರಲ್ಲಿ ಬಗ್ಗಿ ನೋಡುತ್ತಿದ್ದ ಚೈತ್ರಾ, "ಇಲ್ಲೇನ್ ಅಂಕಲ್, ಕೆಂಪಗೆ ಉದ್ದಕ್ಕೆ?" ಎಂದಳು.

"ತಡಿಯವ್ವಾ, ಸುತ್ತು ತಪ್ಪಿಸಬ್ಯಾಡ," ಎಂದ ಕಲ್ಲೇಶಪ್ಪ. "ಅಲ್ಲಿಗೆ ಬರ್ತಾನೆ."

ಸರಕಿನ ಬಾಗಿಲ ಬಳಿ ಬಣ್ಣ ಎದ್ದಿದೆ ಎಂದ ಸಿದ್ದಲಿಂಗೇಶ. ಆ ಬಾಗಿಲ ಬಗ್ಗೆ ಹೇಳಬೇಕಾದ್ದಕ್ಕಿಂತ ಹೆಚ್ಚು ಹೇಳಿದ. ಕೊಂಡಿ, ಹೊಸ್ತಿಲು, ಪೆಟ್ಟಿಗೆಗಳು ಉಜ್ಜಿದ ಗೀರುಗಳು. ಮುಂದಿನದಕ್ಕೆ ಸುಳ್ಳು ಆಗಲೇ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಡಿಯ ಕೆಂಪು ಅಸ್ತರಿ ಕಾಣುತ್ತಿದೆ ಅಷ್ಟೇ ಎಂದರೆ ಮುಗಿಯಿತು. ಮೇಡಂಗೆ ಗೊತ್ತಾಗುವುದಿಲ್ಲ, ಕುರುಡ ನಂಬುತ್ತಾನೆ. ಆ ದಿನ ಸಾಹೇಬರ ಮುಂದೆ ಹೇಳಿದ್ದಕ್ಕಿಂತ ಇದು ಸುಲಭ, ಇಷ್ಟು ಸುಲಭದ ಸುಳ್ಳು ಮನುಷ್ಯನಿಗೆ ಜೀವಮಾನದಲ್ಲಿ ಎರಡು ಸಲ ಸಿಗುವುದಿಲ್ಲ. ನಾಗರತ್ನ ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಬಾಗಿಲು ಆತು," ಎಂದ ಕಲ್ಲೇಶಪ್ಪ. "ಎಡ ಚಕ್ರದ ಗೂಡು."

"ಗೆರೆ ಐತೆ ಕಲ್ಲೇಶಣ್ಣ." ದನಿ ತನ್ನದಲ್ಲ ಎನ್ನಿಸಿತು. "ಕೆಂಪು. ಗೂಡಿನ ಅಂಚಿಂದ ಹಿಂದಕ್ಕೆ. ನಿಜವಾದದ್ದರಲ್ಲಿ ಒಂದು ಮಾರು ಇತ್ತು."

ಕಲ್ಲೇಶಪ್ಪನ ಬೆರಳುಗಳು ನಿಂತವು. "ಯಾವಾಗಿಂದು?"

"ಹಬ್ಬದ ಹಿಂದಿನ ದಿನ ಸಾಯಂಕಾಲದ್ದು."

"ಬೆಳಗ್ಗೆ ನಾನು ನೋಡಿದಾಗ?"

"ಇರಲಿಲ್ಲ. ನಾನು ಒರೆಸಿದ್ದೆ. ಪೂಜೆಗೆ ಹೊಲಸಾಗಿ ಕಾಣ್ತದೆ ಅಂತ ಸೀಮೆಎಣ್ಣೆ ಹಾಕಿ ಒರೆಸಿದ್ದೆ, ನಿನಗೆ ಹೇಳಾಕೆ ಮರೆತೆ. ಆಮೇಲೆ ಸಾಹೇಬ್ರು ಕೇಳಿದಾಗ ಮರೆತಿರಲಿಲ್ಲ. ಬೇಕಂತಲೇ ಸುಳ್ಳು ಹೇಳಿದೆ."

ನಾಗರತ್ನ ಚಹಾದ ಲೋಟಗಳನ್ನು ಹೊಸ್ತಿಲ ಮೇಲೆಯೇ ಇಟ್ಟಳು. ಸಿದ್ದಲಿಂಗೇಶ ಕಾದ. ಆ ದೊಡ್ಡ ಕೈ ಎದ್ದು ಬರುತ್ತದೆಂದು ಕೆನ್ನೆ ಒಡ್ಡಿಯೇ ಕೂತಿದ್ದ. ಕಲ್ಲೇಶಪ್ಪನ ಮುಖ ಮಾತ್ರ ಇವನ ಕಡೆಗೆ ತಿರುಗಲೇ ಇಲ್ಲ. ಬಾಗಿಲ ಬೆಳಕಿನ ಕಡೆಗೆ ತಿರುಗಿತು.

"ಇರಲಿಲ್ಲಂತೆ ಕಣೇ ನಾಗೂ," ಎಂದ. "ಕೇಳಿದ್ಯಾ? ಗೆರೆ ಇರಲೇ ಇಲ್ಲಂತೆ. ನಾನು ಟಾರ್ಚ್ ಹಾಕಿ ನೋಡಿದ್ದೆ, ಇರಲಿಲ್ಲ." ಬೆರಳಿನಿಂದ ತನ್ನ ರೆಪ್ಪೆಗಳನ್ನು ಮುಟ್ಟಿಕೊಂಡ. "ಎಷ್ಟು ವರ್ಷ ಬೈಕಂಡೀನಿ ಈ ಕಣ್ಣಿಗೆ. ಎದುರಿಗಿದ್ದಿದ್ದು ಕಾಣ್ಲಿಲ್ಲವಲ್ಲ ನಿಮಗೆ ಅಂತ. ಮೊನ್ನೆ ಡಾಕ್ಟ್ರು ಎರಡೂ ಹೋದ್ವು ಅಂದಾಗ್ಲೂ, ಹೋಗ್ಲಿ ಬಿಡು, ಇದ್ದಾಗ ಏನ್ ನೋಡಿದ್ವು ಮಹಾ ಅಂದಿದ್ದೆ. ಚೈತ್ರಾ, ಆವತ್ತು ನನ್ನ ಕಣ್ಣು ನೆಟ್ಟಗಿದ್ವು ಕಣವ್ವಾ. ಇರೋದನ್ನೇ ನೋಡಿದ್ವು."

ಚೈತ್ರಾ ಅಪ್ಪನ ಭುಜ ಹಿಡಿದುಕೊಂಡು ಅಳುತ್ತಿದ್ದಳು. ಸಿದ್ದಲಿಂಗೇಶ, "ಕಲ್ಲೇಶಣ್ಣಾ" ಎಂದ.

"ಎಡಗಡೆ ಇಂಜಿನ್ ಉಳೀತು," ಎಂದ ಕಲ್ಲೇಶಪ್ಪ, ಇವನ ಕಡೆಗೆ ಮುಖ ತಿರುಗಿಸದೆಯೇ. "ಅದನ್ನ ಹೇಳಿ ಮುಗಿಸು. ಆಮೇಲೆ ಎದ್ದು ಹೋಗು. ಇನ್ನು ಬರಬ್ಯಾಡ."

ಸಿದ್ದಲಿಂಗೇಶ ಎಡಗಡೆಯ ಇಂಜಿನ್ನಿನ ಮಸಿ, ಮುಚ್ಚಳದ ಸಂದಿನ ಜಿಡ್ಡು, ಕಿತ್ತುಹೋದ ಎರಡು ತಿರುಪುಗಳ ಗುರುತು, ಒಂದನ್ನೂ ಬಿಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.